ಮುಗಿಯದ ಮಡಿ

ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಮಡಿಯೆಂದರೆ ಏನೆಂಬುದನ್ನು ಕೇಳುಗರಿಗೆ ವಿವರಿಸಬೇಕಾಗಿಲ್ಲ. ಮಿಂದು, ಒಗೆದ ಬಟ್ಟೆಯನ್ನುಟ್ಟು, ಮುಟ್ಟಬಾರದ್ದನ್ನು ಮುಟ್ಟದೆ, ಅಡುಗೆಯನ್ನೋ ಪೂಜೆಯನ್ನೋ ಮುಗಿಸುವವರೆಗೆ ನಡೆಸಿಕೊಂಡು ಹೋಗುವ ಒಂದು ನಿಯಮ ಅದು. ಅದರ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟ ಅನ್ಯಾಯದ ಕಥೆ ಬೇರೆಯೇ ಉಂಟು. ಅದನ್ನೆತ್ತಿಕೊಂಡರೆ ಇಂದಿನ ಅವಧಿ ಅದಕ್ಕೇ ಸಾಲದು. ನಾನು ಹೇಳಹೊರಟಿರುವುದು, ಮಡಿಯ ವೇಷ ತೊಟ್ಟು ಮನೆಯೊಳಗೆ ಬಂದು, ಮಡಿಯೆಂದೇ ಗೌರವ ಪಡೆದುಕೊಂಡು ಕುಳಿತುಬಿಡುವ ಒಂದು ಕಾಯಿಲೆಯ ಚರಿತ್ರೆಯನ್ನು. ವೈದ್ಯರು ಅದನ್ನು ಒ.ಸಿ.ಡಿ. ಎನ್ನುತ್ತಾರೆ, ಕನ್ನಡದಲ್ಲಿ ಗೀಳು ಮನೋರೋಗವೆಂಬ ಹೆಸರು ಬಳಕೆಗೆ ಬಂದಿದೆ. ನಾನು ವೈದ್ಯನಲ್ಲ, ಕನ್ನಡದ ಮೇಷ್ಟ್ರು. ಈ ಚರಿತ್ರೆಯನ್ನು ಹುಡುಕಿಕೊಂಡು ಹೋಗಲು ನನಗೊಂದು ಕಾರಣವಿತ್ತು.

ಬಜಪೆಯಲ್ಲಿ ನಮ್ಮ ಮನೆ ಮುರಕಲ್ಲಿನ ಗುಡ್ಡದ ಇಳಿಜಾರಿನಲ್ಲಿತ್ತು. ಮೇಲೆ 1951ರಲ್ಲಿ ಆರಂಭವಾದ ವಿಮಾನ ನಿಲ್ದಾಣ; ಕೆಳಗೆ ತೋಟ ಮತ್ತು ಬಾವಿ. ಬೆಳಕು ಹರಿಯುವ ಮೊದಲೇ ದೊಡ್ಡಮ್ಮ ಬಾವಿಕಟ್ಟೆಗೆ ಬರುವರು. ಮೊಣಕೈಯವರೆಗೆ ಬೂದಿ ಹಚ್ಚಿ ತಿಕ್ಕಿ, ಎಣಿಸಿ ಎಣಿಸಿ ನೀರು ಹೊಯ್ಯಿಸಿಕೊಳ್ಳುವರು. ಎಲೆಯೊಂದು ಉದುರಿದರೆ, ಯಾರಾದರೂ ಮಾತಾಡಿಸಿದರೆ, ಮೇಲೆ ವಿಮಾನದ ಸದ್ದಿಗೆ ಎಣಿಕೆ ತಪ್ಪಿದರೆ, ಮತ್ತೆ ಒಂದರಿಂದ. ನೀರು ಸೇದಿ ಹೊಯ್ಯುವವನು ನಾನು. "ಸರಿಯಾಗಿ ತಾಗಿತೋ ಮಗಾ?" ಎಂದು ಅವರು ಕೇಳುವರು. "ತಾಗಿತು ದೊಡ್ಡಮ್ಮ" ಎಂದು ನಾನು ಹೇಳುವೆನು. ಒಂದು ಗಳಿಗೆಯ ಸಮಾಧಾನ. ಮತ್ತೆ ಅದೇ ಪ್ರಶ್ನೆ. ಮಳೆಗಾಲದಲ್ಲಿ ಅವರ ಬೆರಳ ಸಂದುಗಳು ಬಿರಿದು ನೆತ್ತರು ಜಿನುಗುತ್ತಿತ್ತು. ಬಂದವರು ಮಾತ್ರ, ಇಷ್ಟು ಕಟ್ಟುನಿಟ್ಟಿನ ಮಡಿಯನ್ನು ಈ ಕಾಲದಲ್ಲಿ ಎಲ್ಲಿ ಕಾಣಬೇಕು ಎಂದು ಕೈಮುಗಿದು ಹೋಗುತ್ತಿದ್ದರು.

ಅದು ಮಡಿಯಾಗಿರಲಿಲ್ಲವೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮಡಿಗೆ ಒಂದು ಕೊನೆಯುಂಟು. ಸ್ನಾನವಾಯಿತು, ಪೂಜೆಯಾಯಿತು, ಊಟವಾಯಿತು, ಮಡಿ ಬಿಟ್ಟಾಯಿತು. ಮಡಿಯುಟ್ಟವಳಿಗೆ ತಾನು ಶುದ್ಧಳೆಂಬ ನಿಶ್ಚಯವಿರುತ್ತದೆ. ದೊಡ್ಡಮ್ಮನಿಗೆ ಆ ನಿಶ್ಚಯವೊಂದೇ ದೊರೆಯದೆ ಹೋಯಿತು. 1907ರಲ್ಲಿ ಫ್ರಾಯ್ಡ್ ಒಂದು ಪ್ರಬಂಧದಲ್ಲಿ ಧಾರ್ಮಿಕ ಆಚರಣೆಯನ್ನೂ ಗೀಳಿನ ಕ್ರಿಯೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ. ಹೋಲಿಕೆ ಜಾಣತನದ್ದೇ. ಆದರೆ ಈ ಕೊನೆಯ ಮಾತಿಗೆ ಸಲ್ಲಬೇಕಾದ ತೂಕ ಅಲ್ಲಿ ಸಂದಿಲ್ಲವೆಂದೇ ನನ್ನ ಅಭಿಪ್ರಾಯ.

ಧರ್ಮಗುರುಗಳಿಗೆ ಈ ವ್ಯತ್ಯಾಸ ವೈದ್ಯರಿಗಿಂತ ಮೊದಲೇ ಹೊಳೆದಿತ್ತೆಂದು ತೋರುತ್ತದೆ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದವರು ಏಸುಸಭೆಯ ಪಾದ್ರಿಗಳು. ಆ ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾ ಎಂಬಲ್ಲಿ ತಪಸ್ಸಿಗೆ ಕುಳಿತಾಗ ಅನುಭವಿಸಿದ ಸಂಕಟವನ್ನು ತನ್ನ ಆತ್ಮಕಥನದಲ್ಲಿ ಬಿಚ್ಚಿ ಹೇಳಿದ್ದಾನೆ. ಬಾಳಿನ ಪಾಪಗಳನ್ನೆಲ್ಲ ಬರೆದು, ಮೂರು ದಿನ ನಿವೇದಿಸಿ ಬಂದಿದ್ದವನು. ಆದರೂ ಏನೋ ಬಿಟ್ಟುಹೋಯಿತೆಂಬ ಶಂಕೆ. ಮತ್ತೆ ನಿವೇದನೆ, ಮತ್ತೆ ಶಂಕೆ. ಕೊನೆಗೆ ಗುರು, ತೀರ ಸ್ಪಷ್ಟವಾದುದನ್ನಲ್ಲದೆ ಹಳೆಯದನ್ನು ಹೇಳಕೂಡದೆಂದು ವಿಧಿಸಿದ. ಪ್ರಯೋಜನವಾಗಲಿಲ್ಲ, ಏಕೆಂದರೆ ಅವನಿಗೆ ಎಲ್ಲವೂ ತೀರ ಸ್ಪಷ್ಟವೇ ಆಗಿತ್ತು! ಈ ಕಾಯಿಲೆಯ ತರ್ಕವನ್ನು ಇದಕ್ಕಿಂತ ಚುಟುಕಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಪ್ರಾಣವನ್ನೇ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿ, ಕಡೆಗೊಂದು ದಿನ, ಇನ್ನು ಹಳೆಯ ಪಾಪವೊಂದನ್ನೂ ನಿವೇದಿಸುವುದಿಲ್ಲವೆಂದು ಅವನೇ ನಿಶ್ಚಯಿಸಿದ. ಬಿಡುಗಡೆಯಾಯಿತು. ಅವನು ಅದನ್ನು ದೇವರ ಕೃಪೆಯೆಂದ.

ಎರಡನೆಯವನು ಜಾನ್ ಬನ್ಯನ್. ಅವನ ಯಾತ್ರಿಕನ ಕಥೆಯನ್ನು ಬಾಸೆಲ್ ಮಿಶನ್ನಿನವರು 19ನೆಯ ಶತಮಾನದಲ್ಲೇ ಕನ್ನಡಕ್ಕೆ ತಂದಿದ್ದರು. ಆದರೆ 1666ರಲ್ಲಿ ಅವನು ಪ್ರಕಟಿಸಿದ ಆತ್ಮಕಥೆಯನ್ನು ನಮ್ಮಲ್ಲಿ ಓದಿದವರು ಕಡಿಮೆ. ಇಗರ್ಜಿಯ ಗಂಟೆ ಬಾರಿಸುವುದು ಅವನಿಗೆ ಪ್ರೀತಿಯ ಕೆಲಸ. ಅದು ವ್ಯರ್ಥ ವಿನೋದವೆಂದು ಬಿಟ್ಟು, ನೋಡಲು ಮಾತ್ರ ಹೋಗಿ ನಿಲ್ಲುತ್ತಿದ್ದ. ಗಂಟೆ ಕಳಚಿ ತಲೆಯ ಮೇಲೆ ಬಿದ್ದರೆ ಎಂಬ ಯೋಚನೆ ಬಂತು; ದೊಡ್ಡ ತೊಲೆಯ ಕೆಳಗೆ ಸರಿದ. ಬಿದ್ದ ಗಂಟೆ ಗೋಡೆಗೆ ತಾಗಿ ಪುಟಿದು ಬಂದರೆ? ಬಾಗಿಲಿಗೆ ಸರಿದ. ಗೋಪುರವೇ ಕುಸಿದರೆ? ಓಡಿಯೇಹೋದ. ಮುಂದೆ, ಕ್ರಿಸ್ತನನ್ನು ಮಾರಿಬಿಡು ಎಂಬ ಮಾತು ತಲೆಯೊಳಗೆ ಹಗಲೂ ರಾತ್ರಿ ಮೊಳಗತೊಡಗಿತು. ಇಲ್ಲ, ಇಲ್ಲ ಎನ್ನುತ್ತಾ ಕೈಯಿಂದ ಮೊಣಕೈಯಿಂದ ಗಾಳಿಯನ್ನು ನೂಕುತ್ತಿದ್ದನಂತೆ. ಭಕ್ತನಿಗೇ ದೇವದೂಷಣೆಯ ಯೋಚನೆ, ಮಗುವನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವ ತಾಯಿಗೇ ಮಗುವಿಗೆ ತಾನು ಕೇಡು ಮಾಡಿಯೇನೆಂಬ ಭಯ, ಇವು ಈ ಕಾಯಿಲೆಯ ಹೊರಗೆ ಕಾಣದ ರೂಪಗಳು. ತೊಳೆಯುವವರನ್ನು ಜನ ಕಾಣುತ್ತಾರೆ. ಇವರು ತಮ್ಮನ್ನು ತಾವೇ ಪಾಪಿಗಳೆಂದುಕೊಂಡು ಬಾಯಿ ಬಿಡುವುದಿಲ್ಲ. ಇಂಥ ಯೋಚನೆ ಬರುವುದು ಆ ಮನುಷ್ಯನ ಬಯಕೆಯಿಂದಲ್ಲ, ಅದನ್ನು ಅವನು ಅಷ್ಟು ಅಸಹ್ಯಪಡುವುದರಿಂದಲೇ ಅದು ಕಚ್ಚಿಕೊಳ್ಳುತ್ತದೆ ಎಂದು ಇಂದಿನ ವೈದ್ಯರು ಹೇಳುತ್ತಾರೆ.

ವೈದ್ಯಶಾಸ್ತ್ರ ಇದನ್ನು ಗುರುತಿಸಿದ್ದು 19ನೆಯ ಶತಮಾನದಲ್ಲಿ. ಫ್ರಾನ್ಸಿನ ಎಸ್ಕಿರೋಲ್ 1838ರಲ್ಲಿ, ತಾನು ಪರರ ವಸ್ತುವನ್ನು ಅರಿಯದೆ ಒಯ್ದುಬಿಟ್ಟೇನೆಂದು ಹೆದರುತ್ತಿದ್ದ ಒಬ್ಬ ಮಹಿಳೆಯನ್ನು ಕುರಿತು ಬರೆದ. ಜರ್ಮನಿಯ ವೆಸ್ಟ್‌ಫಾಲ್ 1877ರಲ್ಲಿ ಮುಖ್ಯವಾದ ಮಾತೊಂದನ್ನು ಹೇಳಿದ: ಬುದ್ಧಿಗೆ ಊನವಿಲ್ಲ, ಯೋಚನೆ ಅಸಂಗತವೆಂದು ರೋಗಿಗೇ ಗೊತ್ತು, ಆದರೂ ತಡೆಯಲಾರ. ನಮ್ಮ ಆಯುರ್ವೇದದವರು ಕೆಲವರು ಚರಕಸಂಹಿತೆಯ ಅತತ್ತ್ವಾಭಿನಿವೇಶವನ್ನು ಇದಕ್ಕೆ ಹೊಂದಿಸಿ ನೋಡುತ್ತಾರೆ. ನನಗೆ ಒಪ್ಪಿಗೆಯಾಗಿಲ್ಲ, ಅಲ್ಲಿ ಬುದ್ಧಿಯೇ ವಿಪರೀತವಾಗುತ್ತದೆ, ಇಲ್ಲಿ ಬುದ್ಧಿ ನೆಟ್ಟಗಿದ್ದೂ ಸೋಲುತ್ತದೆ. ಬಂಗಾಳಿಗಳಲ್ಲಿ ಶುಚಿಬಾಯಿ ಎಂಬ ಮಾತೇ ಇದೆ, ಶುಚಿಯ ಹುಚ್ಚೆಂಬ ಅರ್ಥದಲ್ಲಿ. ಮನೋವೈದ್ಯೆ ಅಜಿತಾ ಚಕ್ರವರ್ತಿಯವರು ಅದನ್ನು ಕುರಿತು 1975ರಲ್ಲಿ ಸಹಲೇಖಕರೊಡನೆ ಬರೆದಿದ್ದಾರೆ. ನಮ್ಮಲ್ಲಿ ಅಂಥದೊಂದು ಮಾತು ಮನೆಮಾತಾಗಿದ್ದರೆ ಒಂದಷ್ಟು ಉಪಕಾರವಾಗುತ್ತಿತ್ತೇನೋ. ದೊಡ್ಡಮ್ಮನ ಪಾಲಿಗೆ ಇದ್ದದ್ದು ಮಡಿಯೆಂಬ ಒಂದೇ ಶಬ್ದ.

ಚಿಕಿತ್ಸೆ ಮಾತ್ರ ಬಹುಕಾಲ ಕೈಗೆ ಸಿಗಲಿಲ್ಲ. ಫ್ರಾಯ್ಡನ 1909ರ ಪ್ರಸಿದ್ಧ ವರದಿ ಸಾಹಿತ್ಯವಾಗಿ ಸೊಗಸು. ಆ ಹಾದಿಯಲ್ಲಿ ಗುಣಮುಖರಾದವರು ವಿರಳ. ತಿರುವು ಬಂದದ್ದು 1966ರಲ್ಲಿ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮನೋವಿಜ್ಞಾನಿ ವಿಕ್ಟರ್ ಮೇಯರ್ ಇಬ್ಬರು ರೋಗಿಗಳ ವೃತ್ತಾಂತ ಪ್ರಕಟಿಸಿದ. ಒಬ್ಬಾಕೆ ತೊಳೆತೊಳೆದು ಸೋತವಳು. ಕೊಳೆಯೆಂದು ಅವಳು ಹೆದರುವುದನ್ನು ಮುಟ್ಟಿಸಿ, ತೊಳೆಯಗೊಡದೆ, ಕೋಣೆಯ ನಲ್ಲಿಯ ನೀರನ್ನೂ ನಿಲ್ಲಿಸಿ, ದಾದಿಯರನ್ನು ಜೊತೆಗಿರಿಸಿದರು. ತಳಮಳ ಏರಿತು, ಏರಿದ್ದು ತಾನಾಗಿ ಇಳಿಯಿತು. ಹೆದರಿದ್ದೇನೂ ಸಂಭವಿಸಲಿಲ್ಲ. ತೊಳೆದಾಗ ಸಿಗುವ ಕ್ಷಣದ ನಿರಾಳವೇ ಮುಂದಿನ ತೊಳೆಯುವಿಕೆಗೆ ಕೊಡುವ ಕೂಲಿ. ಕೂಲಿ ನಿಂತರೆ ಗೀಳಿನ ಬಲ ಕುಂದುತ್ತದೆ. ಇಗ್ನೇಷಿಯಸ್ ಒಂಟಿಯಾಗಿ ಕಂಡುಕೊಂಡದ್ದು ನಾಲ್ಕು ಶತಮಾನಗಳ ಬಳಿಕ ಚಿಕಿತ್ಸೆಯಾಯಿತು. ಈಗ ಯಾರೂ ನಲ್ಲಿ ನಿಲ್ಲಿಸುವುದಿಲ್ಲ. ರೋಗಿಯ ಒಪ್ಪಿಗೆಯಿಂದ, ಸಣ್ಣ ಭಯದಿಂದ ದೊಡ್ಡದಕ್ಕೆ, ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತಾರೆ.

ಲಂಡನ್ನಿನಲ್ಲಿ ನಲ್ಲಿ ನಿಲ್ಲಿಸಿದ ವರದಿ ಅಚ್ಚಾದಾಗ ನನಗೆ 7 ವರ್ಷ. ಬಜಪೆಯಲ್ಲಿ ನಾನು ನೀರು ಸೇದುತ್ತಿದ್ದೆ.

ಔಷಧದ ಕಥೆಯೂ ಅದೇ ಕಾಲದ್ದು. ಖಿನ್ನತೆಗೆಂದು ಬಂದಿದ್ದ ಕ್ಲೋಮಿಪ್ರಮಿನ್ ಗೀಳಿಗೂ ಆಗುತ್ತದೆಂದು 1967ರಲ್ಲಿ ಸ್ಪೇನಿನಿಂದ ವರದಿಯಾಯಿತು. ಅನಂತರ ಫ್ಲುಯೊಕ್ಸೆಟಿನ್, ಫ್ಲುವೊಕ್ಸಮಿನ್, ಸರ್ಟ್ರಲಿನ್ ಮುಂತಾದವು ಬಂದವು. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುವುದುಂಟು. ಪರಿಣಾಮ ತಿಳಿಯಲು 10–12 ವಾರ ಕಾಯಬೇಕು, ತೋಚಿದಾಗ ನಿಲ್ಲಿಸಬಾರದು. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆಂದು ಹೇಳಿದರೆ ಸುಳ್ಳಾದೀತು. ಬಹುಮಂದಿಗೆ ಬಾಳು ಮರಳಿ ಕೈಗೆ ಬರುವಷ್ಟು ಗೀಳು ತಗ್ಗುತ್ತದೆ. ಯಾವುದಕ್ಕೂ ಬಗ್ಗದ ಕೆಲವೇ ಮಂದಿಗೆ ಮಿದುಳಿನ ಕಾಂತೀಯ ಪ್ರಚೋದನೆ, ಅಪೂರ್ವವಾಗಿ ಶಸ್ತ್ರಕ್ರಿಯೆ.

1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ ಈಗ ಈ ಕಾಯಿಲೆಗೆಂದೇ ಒಂದು ಚಿಕಿತ್ಸಾಲಯವುಂಟು. ಆ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇದು ನೂರಕ್ಕೆ ಒಬ್ಬರಿಗಿಂತ ತುಸು ಕಡಿಮೆ. ಬಜಪೆಯಂಥ ಊರಿಗೆ ಹಚ್ಚಿ ನೋಡಿದರೆ ಇದು ಬೆರಳೆಣಿಕೆಯ ಸಂಗತಿಯಲ್ಲ. ಬೆಂಗಳೂರಿನವರೆಗೆ ಹೋಗಲೇಬೇಕೆಂದೂ ಇಲ್ಲ. ಮಂಗಳೂರಿನ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್‌ಗೆ 14416 ಎಂಬ ಸಂಖ್ಯೆಯಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯವರ ಮಾತು ಒಂದುಂಟು. ಗೀಳುಳ್ಳವರಿಗೆ ಮನೆಮಂದಿ ಮಾಡುವ ಉಪಚಾರವೇ, ಅವರ ಪರವಾಗಿ ತೊಳೆಯುವುದು, ಬೀಗವನ್ನು ಮತ್ತೆ ಮತ್ತೆ ನೋಡಿಬಂದು ಹೇಳುವುದು, ಕೇಳಿದಷ್ಟು ಸಲ ಧೈರ್ಯ ತುಂಬುವುದು, ಕಾಯಿಲೆಯನ್ನು ಪೋಷಿಸುತ್ತದೆಂದು ಚಿಕಿತ್ಸಕರು ಕಂಡುಕೊಂಡಿದ್ದಾರೆ. ಗದರಿಸುವುದರಿಂದಲೂ ಫಲವಿಲ್ಲ. ಚಿಕಿತ್ಸೆ ನಡೆಯುತ್ತಿರುವಾಗ, ರೋಗಿಯೊಡನೆ ಮಾತಾಡಿಕೊಂಡು, ಉತ್ತರ ಕೊಡುವುದನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಬೇಕಂತೆ. ಇದನ್ನು ಮೊದಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋದೆ. ನಮ್ಮ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ದಿನವೂ ಕೊಡಪಾನ ತುಂಬಿ ತುಂಬಿ ಹೊಯ್ದವರು ನಾವೇ.

ದೊಡ್ಡಮ್ಮನನ್ನು ಯಾವ ಮನೋವೈದ್ಯರಿಗೂ ತೋರಿಸಲಿಲ್ಲ. 1984ರ ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದಾಗ ನಾನು ಹೊಸದಾಗಿ ಅಧ್ಯಾಪಕನಾಗಿದ್ದೆ. ರಜೆಯಲ್ಲಿ ಬಂದವನು ಚೆಂಬಿನಲ್ಲಿ ನೀರು ತಂದು ಅವರ ಕೈಗೆ ಹೊಯ್ದೆ. ಎಣಿಸುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ತುಟಿ ಮಾತ್ರ ಅಲುಗಿತು. ಕೇಳಿದ್ದು ಕೇಳಿಸಲಿಲ್ಲ, ಆದರೆ ನನಗೆ ಗೊತ್ತಿತ್ತು. "ತಾಗಿತು ದೊಡ್ಡಮ್ಮ" ಎಂದೆ.