ಹಾಕಿಯಲ್ಲಿ ಡಿಫೆಂಡರ್‌ಗೆ ಬೆಲೆ ಎಷ್ಟು? ಹರಾಜು, ಒಪ್ಪಂದ, ಜೂನಿಯರ್ ಅವಕಾಶ: ಇಲ್ಲಿದೆ ಪೂರ್ತಿ ಮಾಹಿತಿ

ಮಡಿಕೇರಿ: ಹಾಕಿ ಸ್ಟಿಕ್ ಹಿಡಿದ ಮಕ್ಕಳನ್ನು ಯಾವ ಜಾಗದಲ್ಲಿ ಆಡ್ತೀಯಾ ಅಂತ ಕೇಳಿದ್ರೆ ಹೆಚ್ಚಿನವರು ಫಾರ್ವರ್ಡ್ ಅಂತಾರೆ. ಗೋಲು ಹೊಡೆದವರಿಗೇ ಚಪ್ಪಾಳೆ ಜಾಸ್ತಿ. ಆದರೆ 2024ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ನಡೆದ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ಡಿಫೆಂಡರ್‌ಗಳಿಗೆ. ಪುರುಷರಲ್ಲಿ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷ ರೂ.ಗೆ ಸೂರ್ಮಾ ಹಾಕಿ ಕ್ಲಬ್ ಸೇರಿದರೆ, ಮಹಿಳೆಯರಲ್ಲಿ ಉದಿತಾ 32 ಲಕ್ಷ ರೂ.ಗೆ ಬೆಂಗಾಲ್ ಟೈಗರ್ಸ್ ಪಾಲಾದರು.

ಹರಾಜಿನ ಲೆಕ್ಕ

ಆ ಹರಾಜಿನಲ್ಲಿ ಪುರುಷರ ತಂಡವೊಂದಕ್ಕೆ 4 ಕೋಟಿ ರೂ. ಮಿತಿ ಇತ್ತು. ತಂಡದಲ್ಲಿ 24 ಮಂದಿ. 16 ಭಾರತೀಯರು, 8 ವಿದೇಶಿಯರು. ಭಾರತೀಯರಲ್ಲಿ ಕನಿಷ್ಠ 4 ಮಂದಿ ಜೂನಿಯರ್‌ಗಳು ಇರಲೇಬೇಕು. ಮೂಲ ಬೆಲೆ 2 ಲಕ್ಷ, 5 ಲಕ್ಷ ಮತ್ತು 10 ಲಕ್ಷ ರೂ.

ಈಗ ಲೆಕ್ಕ ಹಾಕಿ. ಒಬ್ಬನಿಗೇ 78 ಲಕ್ಷ ಕೊಟ್ಟರೆ ಉಳಿಯೋದು 3 ಕೋಟಿ 22 ಲಕ್ಷ. ಅದರಲ್ಲಿ ಇನ್ನೂ 23 ಮಂದಿಯನ್ನು ತರಬೇಕು. ತಲೆಗೆ ಸರಾಸರಿ 14 ಲಕ್ಷ. ಹಾಗಾಗಿ ದೊಡ್ಡ ಹೆಸರಿನ ಹಿಂದೆ ನಿಲ್ಲುವ ಮೂರನೇ, ನಾಲ್ಕನೇ ಡಿಫೆಂಡರ್ ಕಡಿಮೆ ಬೆಲೆಯವನೇ ಆಗಿರಬೇಕಾಗುತ್ತೆ. ಜೂನಿಯರ್‌ಗಳಿಗೆ ಬಾಗಿಲು ತೆರೆಯೋದು ಇಲ್ಲೇ.

ಇಷ್ಟು ಬೆಲೆ ಯಾಕೆ?

ಕಾರಣ ಪೆನಾಲ್ಟಿ ಕಾರ್ನರ್. ಡ್ರ್ಯಾಗ್ ಫ್ಲಿಕ್ ಹೊಡೆಯುವವರಲ್ಲಿ ಹೆಚ್ಚಿನವರು ಡಿಫೆಂಡರ್‌ಗಳೇ. ಆ ಹರಾಜಿನ ನಂತರದ ಸೀಸನ್‌ನಲ್ಲಿ 12 ಗೋಲು ಹೊಡೆದು ಮುಂಚೂಣಿಯಲ್ಲಿದ್ದ ಜುಗ್‌ರಾಜ್ ಸಿಂಗ್ ಕೂಡ ಡಿಫೆಂಡರ್. ಫೈನಲ್‌ನಲ್ಲಿ ಅವರ ಹ್ಯಾಟ್ರಿಕ್ ನೆರವಿನಿಂದಲೇ ಬೆಂಗಾಲ್ ಟೈಗರ್ಸ್ ತಂಡ ಹೈದರಾಬಾದ್ ತೂಫಾನ್ಸ್ ವಿರುದ್ಧ 4-3ರಿಂದ ಗೆದ್ದಿತು. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಕೂಡ ಇದೇ ಸಾಲಿನವರು. ಡಿಫೆಂಡರ್ ಆಗಿ, ಡ್ರ್ಯಾಗ್ ಫ್ಲಿಕ್ಕರ್ ಆಗಿ ಭಾರತಕ್ಕೆ ಆಡಿ, ಹಳೆಯ ಲೀಗ್‌ನಲ್ಲಿ ಯುಪಿ ವಿಜಾರ್ಡ್ಸ್ ತಂಡವನ್ನು ಮುನ್ನಡೆಸಿದರು.

ಫ್ಲಿಕ್ ಬಾರದಿದ್ದರೂ ಬೇಡಿಕೆ ಇದೆ. ಪೆನಾಲ್ಟಿ ಕಾರ್ನರ್ ತಡೆಯಲು ಗೋಲ್‌ಕೀಪರ್ ಸೇರಿ ಐದೇ ಮಂದಿ ನಿಲ್ಲಬಹುದು. ಅದರಲ್ಲಿ ಚೆಂಡಿನತ್ತ ಮೊದಲು ಓಡುವ ಫಸ್ಟ್ ರಶರ್ ಕೆಲಸ ಅತ್ಯಂತ ಅಪಾಯದ್ದು. ಅದಕ್ಕೆ ಧೈರ್ಯ, ವೇಗ ಎರಡೂ ಬೇಕು.

ಬೆಂಚ್ ಗಟ್ಟಿ ಇಲ್ಲದಿದ್ದರೆ?

2024ರ ಪ್ಯಾರಿಸ್ ಒಲಿಂಪಿಕ್ಸ್ ಇದಕ್ಕೆ ಒಳ್ಳೆ ಉದಾಹರಣೆ. ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನ 17ನೇ ನಿಮಿಷದಲ್ಲಿ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಸಿಕ್ತು. ಉಳಿದ ಅವಧಿಯೆಲ್ಲ ಭಾರತ 10 ಮಂದಿಯಲ್ಲೇ ಆಡಬೇಕಾಯ್ತು. ಪಂದ್ಯ 1-1, ಶೂಟೌಟ್‌ನಲ್ಲಿ 4-2 ಗೆಲುವು. ಆದರೆ ರೋಹಿದಾಸ್ ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಅಮಾನತಾದರು. ಭಾರತ 2-3ರಿಂದ ಸೋತಿತು. ಅವರು ಪೆನಾಲ್ಟಿ ಕಾರ್ನರ್ ತಡೆಯುವ ಮುಖ್ಯ ರಶರ್ ಆಗಿದ್ದರು. ಒಬ್ಬ ಡಿಫೆಂಡರ್ ಹೊರಗುಳಿದರೆ ಮಿಡ್‌ಫೀಲ್ಡರ್‌ಗಳು ಹಿಂದೆ ಬರಬೇಕಾಗುತ್ತೆ, ಆಗ ಮುಂದಿನ ಸಾಲೂ ತೆಳುವಾಗುತ್ತೆ.

ಲೀಗ್ ಒಪ್ಪಂದವನ್ನೇ ನಂಬಬಹುದಾ?

ಪೂರ್ತಿ ನಂಬುವಂತಿಲ್ಲ. 2013ರಲ್ಲಿ ಶುರುವಾದ ಲೀಗ್ 2017ರ ನಂತರ ನಿಂತೇ ಹೋಗಿತ್ತು. ಮತ್ತೆ ಆರಂಭವಾಗಿದ್ದು 2024ರ ಡಿಸೆಂಬರ್‌ನಲ್ಲಿ. ಮಧ್ಯೆ ಏಳು ವರ್ಷ! 2017ರಲ್ಲಿ 20 ವರ್ಷವಾಗಿದ್ದ ಹುಡುಗನಿಗೆ ಲೀಗ್ ಮರಳುವಾಗ 27 ವರ್ಷ. ಅದಕ್ಕೇ ಹಾಕಿ ಆಟಗಾರರಿಗೆ ರೈಲ್ವೆ, ಸೇನೆ, ಪೊಲೀಸ್, ಇಂಡಿಯನ್ ಆಯಿಲ್‌ನಂಥ ಕಡೆಯ ಕ್ರೀಡಾ ಕೋಟಾ ನೌಕರಿ ಇಂದಿಗೂ ಆಧಾರ. ಲೀಗ್ ನಡೆಯೋದು ಕೆಲವೇ ವಾರ. ಮನೆ ನಡೆಯಬೇಕಾದದ್ದು ವರ್ಷವಿಡೀ.

ನಮ್ಮ ಮಕ್ಕಳು, ಪೋಷಕರು ಗಮನಿಸಬೇಕಾದ್ದು

* ಕೂಡಿಗೆ ಕ್ರೀಡಾ ಶಾಲೆ, ಪೊನ್ನಂಪೇಟೆ ಕ್ರೀಡಾ ನಿಲಯ, ಮಡಿಕೇರಿಯ ಸಾಯ್ ಕೇಂದ್ರದಂಥ ಕಡೆ ಆಯ್ಕೆಗೆ ಹೋಗುವಾಗ ಡಿಫೆನ್ಸ್ ಸ್ಥಾನವನ್ನೂ ಪರಿಗಣಿಸಿ.
* ಟ್ಯಾಕ್ಲಿಂಗ್ ಒಂದೇ ಸಾಲದು. ಹಿಂದಿನಿಂದ ನಿಖರವಾಗಿ ಪಾಸ್ ಕೊಡುವುದು, ಎತ್ತರದ ಚೆಂಡು ಹಾಕುವುದು ಕಲಿಯಿರಿ.
* ಡ್ರ್ಯಾಗ್ ಫ್ಲಿಕ್ ಸೊಂಟ, ಬೆನ್ನಿಗೆ ಭಾರ. ಬೆಳೆಯುವ ವಯಸ್ಸಿನಲ್ಲಿ ಕೋಚ್ ಹೇಳಿದಷ್ಟೇ ಮಾಡಿ.
* ತಂಡದಲ್ಲಿ ಹೆಸರು ಬಂದ ಮಾತ್ರಕ್ಕೆ ಮೈದಾನಕ್ಕೆ ಇಳಿಸುತ್ತಾರೆ ಅಂತಲ್ಲ. ಸಹಿ ಹಾಕುವ ಮುಂಚೆ ಒಪ್ಪಂದದ ಅವಧಿ, ಹಣ ಬರುವ ಕಂತು, ಗಾಯವಾದರೆ ಚಿಕಿತ್ಸೆ ಖರ್ಚು ಯಾರದ್ದು ಎಂಬುದನ್ನು ಓದಿ, ಅರ್ಥವಾಗದಿದ್ದರೆ ತಿಳಿದವರಿಗೆ ತೋರಿಸಿ.
* ಓದು ಬಿಡಬೇಡಿ. ಕ್ರೀಡಾ ಕೋಟಾ ನೌಕರಿಗೂ ಅಂಕಪಟ್ಟಿ ಕೇಳ್ತಾರೆ.