ಯಾತರಿಂದ ರಕ್ಷಣೆ?

ಧಾರವಾಡದಲ್ಲಿ ನಾನು ಶಾಲೆಗೆ ನಡೆದು ಹೋಗುವ ದಾರಿಯಲ್ಲಿ ಒಂದು ಕಾಂಪೌಂಡ್ ಗೋಡೆ. ಅದರ ಮೇಲೆ ನೀಲಿ ಬಣ್ಣದಲ್ಲಿ ಎರಡೇ ಪದ: ‘ಯೇಸು ರಕ್ಷಿಸುತ್ತಾನೆ’. ಸಕರ್ಮಕ ಕ್ರಿಯಾಪದಕ್ಕೆ ಕರ್ಮ ಬೇಕೇ ಬೇಕು ಅಂತ ಮಾಸ್ತರರು ತಲೆಗೆ ಮೊಟಕಿ ಕಲಿಸಿದ್ದ ಕಾಲ. ಯಾರನ್ನು ರಕ್ಷಿಸುತ್ತಾನೆ? ಯಾತರಿಂದ? ಗೋಡೆ ಬಾಯಿ ಬಿಡುತ್ತಿರಲಿಲ್ಲ. ಮುಂದಿನ ತಿರುವಿನಲ್ಲೇ ‘ಆರಕ್ಷಕ ಠಾಣೆ’ ಎಂಬ ಬೋರ್ಡು. ಅಲ್ಲಿ ಯಾರಿಗೆ ಯಾರಿಂದ ರಕ್ಷಣೆ ಎಂದು ಓಣಿಯ ಹಿರಿಯರೇ ನಗುತ್ತ ಕೇಳುತ್ತಿದ್ದರು.

ಕನ್ನಡದಲ್ಲಿ ಈ ಪದ ಸುತ್ತದ ಊರಿಲ್ಲ. ಕೂಸಿನ ಹಣೆಗಿಡುವುದೂ ರಕ್ಷೆ, ದಿಲ್ಲಿಯಲ್ಲಿ ಸೇನೆಯ ಉಸ್ತುವಾರಿ ನೋಡುವವರೂ ರಕ್ಷಣಾ ಸಚಿವರು. ರಾಮಾಯಣದ ಉತ್ತರಕಾಂಡವನ್ನು ನಂಬುವುದಾದರೆ ರಾಕ್ಷಸರೂ ಇದೇ ಧಾತುವಿನ ಮಕ್ಕಳು. ಬ್ರಹ್ಮ ಸೃಷ್ಟಿಸಿದ ನೀರನ್ನು ‘ರಕ್ಷಿಸುತ್ತೇವೆ’ ಎಂದು ಮುಂದೆ ಬಂದವರಿಗೆ ಆ ಹೆಸರು ಬಿತ್ತಂತೆ. ಕಾಯಲು ಬಂದವರ ಬಗ್ಗೆ ನಮ್ಮ ಅನುಮಾನ ಹಳೆಯದೇ.

ಚರ್ಚಿನೊಳಗೆ ಹೋದರೆ ಪದದ ನಡಿಗೆಯೇ ಬೇರೆ. ಅಲ್ಲಿ ರಕ್ಷಣೆಯನ್ನು ಪಡೆಯುವುದಿಲ್ಲ, ‘ಹೊಂದುತ್ತಾರೆ’. ‘ನಾನು ರಕ್ಷಣೆ ಹೊಂದಿದ್ದು ಮದುವೆಯಾದ ಮೇಲೆ’ ಎಂದು ಇಸವಿ ಸಮೇತ ಹೇಳುವವರಿದ್ದಾರೆ. ಪೊಲೀಸ್ ರಕ್ಷಣೆಗೆ ಅವಧಿ ಇರುತ್ತದೆ. ಇದಕ್ಕೆ ಹುಟ್ಟಿದ ದಿನವಿದೆ. ನನ್ನ ಗೋಡೆಯ ಪ್ರಶ್ನೆಗೆ ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಉತ್ತರ ಇತ್ತು: ತನ್ನ ಜನರನ್ನು, ಅವರ ಪಾಪಗಳಿಂದ. ಯೇಸು ಎಂಬ ಹೆಸರಿನ ಹೀಬ್ರೂ ಮೂಲಕ್ಕೇ ‘ಯೆಹೋವನು ರಕ್ಷಣೆ’ ಎಂಬ ಅರ್ಥವಿದೆ. ಅಂದರೆ ಆ ಪೇಂಟರ್ ಹೆಸರನ್ನೇ ಎರಡು ಸಲ ಬರೆದಿದ್ದ. ಗರಿಗಳ ಭಾನುವಾರ ಮಕ್ಕಳು ಕೂಗುವ ‘ಹೊಸನ್ನ’ ಕೂಡ ಮೂಲದಲ್ಲಿ ‘ರಕ್ಷಿಸು’ ಎಂಬ ಮೊರೆಯೇ. ಕೂಗಿ ಕೂಗಿ ಅದು ಜೈಕಾರವಾಯಿತು.

ನಿಜವಾದ ಸೋಜಿಗವಿರುವುದು ಗ್ರೀಕಿನಲ್ಲಿ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ‘ಸೋಜೋ’, ಅಂದರೆ ‘ಉಳಿಸು’, ಎಂಬ ಒಂದು ಕ್ರಿಯಾಪದವಿದೆ. ನೀರಿನ ಮೇಲೆ ನಡೆಯಹೋಗಿ ಗಾಳಿಗೆ ಹೆದರಿ ಮುಳುಗತೊಡಗಿದ ಪೇತ್ರ ಕೂಗುವುದು ಅದೇ ಪದವನ್ನು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದದ್ದನ್ನೆಲ್ಲ ವೈದ್ಯರಿಗೆ ಸುರಿದು, ಗುಂಪಿನಲ್ಲಿ ನುಸುಳಿ ಬಂದು ಉಡುಪು ಮುಟ್ಟಿದ ಹೆಂಗಸಿಗೆ ಯೇಸು ಹೇಳುವುದೂ ಅದೇ. ಊರವರು ಪಾಪಿ ಎಂದು ಬೆರಳು ತೋರಿಸಿದ, ಕಣ್ಣೀರಿನಿಂದ ಅವನ ಪಾದ ತೊಯಿಸಿದ ಇನ್ನೊಬ್ಬಳಿಗೆ ಹೇಳುವುದೂ ಅದೇ. ಇಬ್ಬರು ಹೆಂಗಸರಿಗೂ ಗ್ರೀಕಿನಲ್ಲಿ ಒಂದೇ ವಾಕ್ಯ. ನಮ್ಮ ಹಳೆಯ ಕನ್ನಡ ಬೈಬಲ್ ‘ಸತ್ಯವೇದ’ ಮಾತ್ರ ಪೇತ್ರನಿಗೆ ‘ಕಾಪಾಡು’, ರೋಗಿಗೆ ‘ಸ್ವಸ್ಥ’, ಪಾಪಿಗೆ ‘ರಕ್ಷಿಸು’ ಎಂದು ಹಂಚಿಬಿಟ್ಟಿದೆ. ತಪ್ಪೇನಲ್ಲ, ಜ್ವರ ಬಿಟ್ಟವನಿಗೆ ‘ರಕ್ಷಣೆಯಾಯಿತು’ ಎಂದರೆ ಕನ್ನಡದ ಕಿವಿ ಒಪ್ಪುವುದಿಲ್ಲ. ಆದರೂ ಮೈಯ ಕಾಯಿಲೆ ಒಂದು ಕೋಣೆಗೆ, ಮನಸ್ಸಿನ ಭಾರ ಇನ್ನೊಂದು ಕೋಣೆಗೆ ಹೋದದ್ದು ಆಗಲೇ ಅನ್ನಿಸುತ್ತದೆ. ಒಂದು ಸಮಾಧಾನ: ‘ಸ್ವಸ್ಥ’ ಎಂದರೆ ತನ್ನಲ್ಲಿ ತಾನು ನೆಲೆನಿಂತವನು. ಮುಟ್ಟಬಾರದವಳಾಗಿ ಹನ್ನೆರಡು ವರ್ಷ ಕಳೆದು, ‘ಮಗಳೇ’ ಎಂದು ಕರೆಸಿಕೊಂಡವಳಿಗೆ ಇದಕ್ಕಿಂತ ಒಪ್ಪುವ ಪದ ಸಿಗಲಿಕ್ಕಿಲ್ಲ.

ಬಳ್ಳಾರಿಯಲ್ಲಿ ಕೂತು ಮಿಶನರಿ ಜಾನ್ ಹ್ಯಾಂಡ್ಸ್ ಅನುವಾದಿಸಲು ದುಡಿದ ಕನ್ನಡದ ಇಡೀ ಬೈಬಲ್ ಅಚ್ಚಾದದ್ದು 1831ರಲ್ಲಿ. ಪಕ್ಕದಲ್ಲೇ ‘ಮೋಕ್ಷ’ ಇದ್ದರೂ ಕನ್ನಡ ಕ್ರೈಸ್ತರ ನಾಲಗೆಯಲ್ಲಿ ನಿಂತದ್ದು ‘ರಕ್ಷಣೆ’. ಮೋಕ್ಷವನ್ನು ಸಾಧಿಸಬಹುದು, ರಕ್ಷಣೆಗೆ ಇನ್ನೊಬ್ಬನ ಕೈ ಬೇಕು. ಕಥೋಲಿಕರ ಪೂಜೆಯಲ್ಲಿ ‘ಉದ್ಧಾರ’ ಹೆಚ್ಚು ಕೇಳುತ್ತದೆ. ಮೇಲೆತ್ತುವುದು ಎಂಬ ಸೊಗಸಾದ ಅರ್ಥ ಅದಕ್ಕೆ. ಆದರೆ ‘ನೀ ಉದ್ಧಾರ ಆದಂಗs’ ಎಂದು ಅಪ್ಪನಿಂದ ಬೈಸಿಕೊಂಡು ಬೆಳೆದ ನನ್ನಂಥವರಿಗೆ ಅದು ಕಿವಿಗೆ ಬಿದ್ದಾಗ ನಗು ತಡೆಯುವುದು ಕಷ್ಟ.

ನಗು ಬಾರದ ಜಾಗವೂ ಇದೆ. ನಂಬಿಕೆ ಗಟ್ಟಿಯಿದ್ದರೆ ಗುಣವಾಗುತ್ತದೆ, ಗುಣವಾಗದಿದ್ದರೆ ನಂಬಿಕೆ ಸಾಲದು ಎಂದು ಮೈಕಿನಲ್ಲಿ ಕೂಗುವ ಬೋಧಕರನ್ನು ಕೇಳಿದ್ದೇನೆ. ಹಾಸಿಗೆ ಹಿಡಿದವರ ಮೇಲೆ ಇದು ಎರಡನೆಯ ಕಾಯಿಲೆ ಹೇರಿದಂತೆ. ಅಪೊಸ್ತಲ ಪೌಲ ತನ್ನ ಮೈಯಲ್ಲಿ ನಾಟಿದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆಯೇ ಸಾಕು ಎಂಬ ಉತ್ತರ ಬಂತು. ಅವನ ನಂಬಿಕೆಗೆ ಏನು ಕಡಿಮೆಯಿತ್ತು? ಶಿಲುಬೆಯ ಕೆಳಗೆ ನಿಂತವರು ಹಂಗಿಸಿದ್ದೂ ಅದೇ ‘ಸೋಜೋ’ ಪದದಿಂದ: ಬೇರೆಯವರನ್ನು ಉಳಿಸಿದವನು ತನ್ನನ್ನು ಉಳಿಸಿಕೊಳ್ಳಲಾರ ಎಂದು.

ಅವ್ವನನ್ನು ಆಸ್ಪತ್ರೆಗೆ ಸೇರಿಸಿದ್ದಾಗ ಪಕ್ಕದ ಮಂಚದಲ್ಲಿ ಒಬ್ಬ ಕ್ರೈಸ್ತ ಅಜ್ಜಿ ಇದ್ದಳು. ತನಗೆ ವಾಸಿಯಾಗುವುದಿಲ್ಲ ಎಂಬುದು ಗೊತ್ತಿದ್ದೂ ಸಂಜೆಯಾದರೆ ಅವ್ವನ ಕೈ ಹಿಡಿದು ಪ್ರಾರ್ಥನೆ ಮಾಡುತ್ತಿದ್ದಳು. ‘ರಕ್ಷಣೆ’ ಎಂಬ ಪದ ಅವಳ ಬಾಯಲ್ಲಿ ನಾನು ಕೇಳಲಿಲ್ಲ. ಕೊನೆಯ ಸಲ ಹೇಗಿದ್ದೀರಿ ಎಂದು ಕೇಳಿದಾಗ, “ಇಲ್ಲೀತನಕ ಕಾಯ್ದಾನಪಾ” ಅಂದಳು. ಕುರಿ ಕಾಯುವಂತೆ ಕಾಯ್ದನೋ, ಬರುವವರ ದಾರಿ ನೋಡುತ್ತ ಕಾಯ್ದನೋ, ನಾನು ಕೇಳಲಿಲ್ಲ.