ಪೆರಡಾಲದ ನವಜೀವನ ಪ್ರೌಢಶಾಲೆ

ಬದಿಯಡ್ಕದ ಪೆರಡಾಲ ನವಜೀವನ ಪ್ರೌಢಶಾಲೆಯೆಂದೊಡನೆ ನೆನಪಾಗುವವರು ಅಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು. ನೀರ್ಚಾಲಿನ ಮಹಾಜನ ಸಂಸ್ಕೃತ ವಿದ್ಯಾಲಯದಲ್ಲಿ ಕಲಿತ ಅವರು ಅದೇ ಸೀಮೆಯ ಮಕ್ಕಳಿಗೆ ಕಲಿಸುತ್ತ, ಬೇಸಾಯವನ್ನೂ ಬಿಡದೆ ಬಾಳಿದರು. 1969ರಲ್ಲಿ ರಾಷ್ಟ್ರಮಟ್ಟದ ಶಿಕ್ಷಕ ಪ್ರಶಸ್ತಿಗೆ ಪಾತ್ರರಾದರು. ಕವಿಯೇ ಮೇಷ್ಟ್ರಾಗಿ ದೊರೆಯುವ ಭಾಗ್ಯ ಎಷ್ಟು ಊರುಗಳಿಗುಂಟು!

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡನ್ನು ಕರ್ನಾಟಕದೊಡನೆ ಕೂಡಿಸಬೇಕೆಂದು ರೈಗಳು ಕೊನೆಯವರೆಗೂ ದನಿಯೆತ್ತಿದರು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣವನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಅದರಾಚೆಗೆ ಕನ್ನಡಕ್ಕೆ ಪ್ರೌಢಶಾಲೆಗಳೇ ಆಸರೆ. ಮಕ್ಕಳನ್ನು ಎಂಟನೆಯ ತರಗತಿಯಲ್ಲಿ ಯಾವ ಮಾಧ್ಯಮಕ್ಕೆ ಸೇರಿಸಬೇಕೆಂಬುದು ಇಂದಿಗೂ ನಮ್ಮ ಮನೆಗಳ ಜಗಲಿಯಲ್ಲಿಯೇ ತೀರ್ಮಾನವಾಗುತ್ತಿದೆ.